ಗುಳಿಗಿಯೋ ಸೂಜಿಯೋ: ಡಯಟ್ ಕೈಕೊಟ್ಟವರು ನಮ್ಮ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ. ಬಿಪಿ, ಶುಗರ್ ಗುಳಿಗಿ ಒಯ್ಯುವವರು ಮುಂಜಾನೆಯೇ ಬರುತ್ತಾರೆ. ತೂಕದ ಮಾತು ತೆಗೆಯುವವರು ಬರುವುದು ರಾತ್ರಿ ಎಂಟರ ಮೇಲೆ, ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ್ದು ನೋಡಿಕೊಂಡು. ಮೊದಲು ಒಂದು ಕ್ರೋಸಿನ್ ಕೇಳುತ್ತಾರೆ, ಚಿಲ್ಲರೆ ತಗೊಳ್ಳುತ್ತಾರೆ, ಹೋಗುವಂತೆ ಮಾಡಿ ತಿರುಗಿ ನಿಲ್ಲುತ್ತಾರೆ. ಆಮೇಲೆ ಮೊಬೈಲ್ ತೆಗೆದು ತೂಕ ಇಳಿಸುವ ಗುಳಿಗಿಯದೋ ಸೂಜಿಯದೋ ಒಂದು ಫೋಟೋ ತೋರಿಸಿ, ಸಣ್ಣ ದನಿಯಲ್ಲಿ, ‘ಇದು ಐತೇನ್ರಿ ನಿಮ್ಮಲ್ಲಿ?’

ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿ ಕೌಂಟರ್ ಹಿಂದೆ ನಿಂತವನು. ಯಾರಿಗೆ ಯಾವ ಔಷಧ ಎಂದು ಬರೆಯುವುದು ಡಾಕ್ಟರ ಕೆಲಸ. ಅವರ ಮುಂದೆ ಕೂರುವ ಮೊದಲು ನಿಮಗೆ ಏನು ಗೊತ್ತಿರಬೇಕೋ ಅಷ್ಟನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಗಿರಾಕಿಗಳು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

ಡಯಟ್ ಮಾಡಿ ಮಾಡಿ ಸಾಕಾತ್ರಿ. ಇನ್ನ ಗುಳಿಗಿ ಚಲೋನೋ, ಸೂಜಿ ಚಲೋನೋ?

ಯಾವ ಡಯಟ್ ಮಾಡಿದ್ರಿ ಅಂತ ನಾನು ಮೊದಲು ಕೇಳುತ್ತೇನೆ. ಸಿಟ್ಟಿಗೇಳಬೇಡಿ. ಒಬ್ಬ ಕಾಕು ಅನ್ನ ಪೂರ್ತಿ ಬಿಟ್ಟಿದ್ದರು, ಎರಡು ತಿಂಗಳಲ್ಲಿ ಅರ್ಧ ಕಿಲೋ ಕೂಡ ಇಳಿದಿರಲಿಲ್ಲ. ಊಟಕ್ಕೆ ಏನು ಅಂದರೆ, ‘ಒಂದೇ ರೊಟ್ಟಿ, ಒಂದೀಟು ಶೇಂಗಾ ಚಟ್ನಿ.’ ರೊಟ್ಟಿ ಒಂದೇ, ಸರಿ. ಆದರೆ ‘ಒಂದೀಟು’ ಅಂದರೆ ಅವರ ಮನೆಯ ದೊಡ್ಡ ಚಮಚದಲ್ಲಿ ಮೂರು, ಮೇಲೆ ಕುಸುಬಿ ಎಣ್ಣೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 520 ಕ್ಯಾಲರಿ, ಅಷ್ಟೇ ಜೋಳದ ಹಿಟ್ಟಿನಲ್ಲಿ 330ರ ಆಸುಪಾಸು. ಆರೋಪ ಹೊತ್ತದ್ದು ಅನ್ನ, ತೂಕ ಹಿಡಿದಿಟ್ಟದ್ದು ಚಟ್ನಿ. ಇಂಥವರಿಗೆ ಸೂಜಿಗಿಂತ ಮೊದಲು ಬೇಕಾದದ್ದು ಅಳತೆ ಗೊತ್ತಿರುವ ಒಂದು ಚಮಚ.

ಆದರೆ ಎಲ್ಲರದ್ದೂ ಚಟ್ನಿಯ ಕತೆಯಲ್ಲ. ಅಳೆದು ತಿಂದು, ದಿನಾ ತಾಸು ನಡೆದು, ಆರೇಳು ಕಿಲೋ ಇಳಿಸಿ, ಆಮೇಲೆ ಏನು ಮಾಡಿದರೂ ಕಾಂಟಾ ಅಲುಗದೆ ನಿಂತವರು ಬಹಳ ಮಂದಿ ಇದ್ದಾರೆ. ಅದು ಅವರ ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಅಲ್ಲ. ತೂಕ ಇಳಿದ ಕೂಡಲೇ ಹಸಿವಿನ ಹಾರ್ಮೋನು ಏರುತ್ತದೆ, ದೇಹ ಸುಡುವ ಕ್ಯಾಲರಿ ತಗ್ಗುತ್ತದೆ. ಹಳೆಯ ತೂಕಕ್ಕೇ ಮರಳಬೇಕೆಂದು ದೇಹವೇ ಹಟ ಹಿಡಿಯುತ್ತದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈಗಿನ ಸೂಜಿಗಳು (ಸೆಮಾಗ್ಲುಟೈಡ್, ಟಿರ್ಜೆಪಟೈಡ್) ಕೈಹಾಕುವುದು ಈ ಹಟಕ್ಕೆ.

ತೂಕ ಇಳಿಸುವ ಶಕ್ತಿಯಷ್ಟನ್ನೇ ನೋಡಿದರೆ ನಮ್ಮಲ್ಲಿ ಸಿಗುವ ಗುಳಿಗಿಗಳಿಗಿಂತ ವಾರದ ಸೂಜಿ ಎಷ್ಟೋ ಮುಂದೆ. ಆದರೆ ಕೌಂಟರಿನಲ್ಲಿ ನಾನು ಕಂಡ ಹೆಚ್ಚಿನ ತಪ್ಪುಗಳು ಶಕ್ತಿಯ ಲೆಕ್ಕದಲ್ಲಿ ಆದವಲ್ಲ. ‘ಇದನ್ನು ಎಷ್ಟು ವರ್ಷ ನಡೆಸಬಲ್ಲೆ?’ ಅಂತ ಕೇಳಿಕೊಳ್ಳದೆ ಶುರು ಮಾಡಿದ್ದರಿಂದ ಆದವು.

ಔಷಧ ಬೇಕಾಗುವಷ್ಟು ತೂಕ ನಂದು ಐತೇನ್ರಿ?

ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಬರುವುದು ಬಿಎಂಐ. 158 ಸೆಂಟಿಮೀಟರ್ ಎತ್ತರ, 78 ಕಿಲೋ ಇದ್ದರೆ 31ರ ಸುಮಾರು. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ, ಏಕೆಂದರೆ ನಮ್ಮವರಲ್ಲಿ ಬೊಜ್ಜು ಹೊಟ್ಟೆಯೊಳಗೆ ಬೇಗ ಕೂರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಅದನ್ನು ಪ್ಯಾಂಟಿನ ಸೈಜಿನಿಂದ ಅಂದಾಜು ಮಾಡಬೇಡಿ. ನಮ್ಮ ಮಂದಿ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಟೇಪು ಹೊಕ್ಕುಳದ ಹತ್ತಿರ ಹಾಯಬೇಕು.

ಸೂಜಿಗಳ ಲೇಬಲ್ ಪ್ರಕಾರ ಬಿಎಂಐ 30 ಇರಬೇಕು, ಅಥವಾ 27 ಇದ್ದು ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೊಂದರೆ ಇರಬೇಕು. ಮಗಳ ಲಗ್ನಕ್ಕೆ ಹೊಲಿಸಿದ ಜಂಪರು ಬಿಗಿಯಾಗಿದೆ, ನಾಲ್ಕು ಕಿಲೋ ಇಳಿಸಬೇಕು ಅನ್ನುವವರಿಗಾಗಿ ಮಾಡಿದ ಔಷಧ ಇದಲ್ಲ. ಟೇಲರ್ ಹತ್ತಿರ ಹೋದರೆ ಅಗ್ಗ.

ಡಾಕ್ಟರ ಹತ್ರ ಹೋಗೂ ಮುಂದ ನಾ ಏನ್ ಮಾಡ್ಲಿ?

ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತೂಕ ಏರಿಸುವ ಔಷಧ ಆ ಚೀಲದಲ್ಲೇ ಇರಬಹುದು. ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಾಜೋನ್, ಫಿಟ್ಸಿಗೆ ಕೊಡುವ ವಾಲ್‌ಪ್ರೊಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಇವೆಲ್ಲ ತೂಕ ಏರಿಸಬಲ್ಲವು. ನೀವೇ ಬಿಡಬೇಡಿ, ಬದಲಿ ಇದೆಯೇ ಅಂತ ಕೇಳಿ.

ಮೊಣಕಾಲು ನೋವಿಗೆ ಊರಲ್ಲಿ ಪೊಟ್ಟಣ ಕಟ್ಟಿ ಕೊಡುವ, ಹೆಸರಿಲ್ಲದ ಬಿಳಿ ಗುಳಿಗಿ ಇದ್ದರೆ ಅದನ್ನು ಮೊದಲು ತೋರಿಸಿ. ಅಂಥ ಪೊಟ್ಟಣದಲ್ಲಿ ಎಷ್ಟೋ ಸಲ ಇರುವುದು ಸ್ಟೀರಾಯ್ಡ್. ನೋವು ಗಂಟೆಯಲ್ಲಿ ಮಾಯ, ಮುಖ ಆರು ತಿಂಗಳಲ್ಲಿ ಚಂದ್ರ. ತೂಕ ಏರಿದಷ್ಟೂ ಮೊಣಕಾಲು ಇನ್ನೂ ನೋಯುತ್ತದೆ, ಇನ್ನೊಂದು ಪೊಟ್ಟಣ ಬರುತ್ತದೆ. ಇದನ್ನೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹಂತ ಹಂತವಾಗಿ ಇಳಿಸಬೇಕು.

ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಲಿವರ್, ಕಿಡ್ನಿ ಪರೀಕ್ಷೆಯ ಹಳೆಯ ರಿಪೋರ್ಟ್ ಇದ್ದರೆ ಅವೂ ಚೀಲದಲ್ಲಿರಲಿ.

ಗುಳಿಗಿ ಅಂದ್ರ ಯಾವ್ಯಾವ ಅದಾವ್ರಿ?

ಮುಖ್ಯವಾಗಿ ಎರಡು ಬಗೆ.

ಒಂದು ಆರ್ಲಿಸ್ಟಾಟ್. 120 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆ ಮೂರು ಸಲ ಊಟದ ಜೊತೆ. ಇದು ಹಸಿವನ್ನು ಮುಟ್ಟುವುದೇ ಇಲ್ಲ. ಜಿಡ್ಡನ್ನು ಅರಗಿಸುವ ಕಿಣ್ವವನ್ನು ಕರುಳಿನಲ್ಲೇ ತಡೆಯುತ್ತದೆ. ತಿಂದ ಎಣ್ಣೆ-ತುಪ್ಪದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ‘ಹೊರಗೆ ಹೋಗುತ್ತದೆ’ ಅನ್ನುವುದನ್ನು ಎಲ್ಲರೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತಾರೆ, ಎಲ್ಲಿಂದ, ಯಾವಾಗ ಅಂತ ಯೋಚಿಸುವುದಿಲ್ಲ.

ಒಬ್ಬ ಗಿರಾಕಿ, ಐವತ್ತರ ಹಿರಿಯರು, ಬೇರೆ ಕಡೆ ಕ್ಯಾಪ್ಸೂಲ್ ತಗೊಂಡು ಮೂರನೇ ದಿನ ಲೋಕಾಪುರದ ಕಡೆ ಲಗ್ನಕ್ಕೆ ಹೋದರು. ಬಿಳಿ ಧೋತರ. ಎಣ್ಣೆಗಾಯಿ ಪಲ್ಯ, ಭಜಿ, ಹೋಳಿಗೆ ಮೇಲೆ ತುಪ್ಪ, ಎಲ್ಲ ಆಯಿತು. ಮಧ್ಯಾಹ್ನ ಜಮಖಾನೆ ಮೇಲೆ ಕೂತು ಹರಟೆ ಹೊಡೆದು ಎದ್ದರೆ ಹಿಂದೆ ಕಿತ್ತಳೆ ಬಣ್ಣದ ಎಣ್ಣೆ ಕಲೆ, ಅಂಗೈ ಅಗಲ. ಮೊಮ್ಮಗ ‘ಅಜ್ಜಾ, ಪಲ್ಯದ ಮ್ಯಾಲ ಕುಂತೀಯೇನ್’ ಅಂದನಂತೆ. ಮರುದಿನ ಉಳಿದ ಸ್ಟ್ರಿಪ್ ತಂದು ನನ್ನ ಮುಂದಿಟ್ಟು ಒಂದು ಮಾತೂ ಆಡದೆ ಹೋದರು. ಜಿಡ್ಡು ಕಡಿಮೆ ತಿಂದರೆ ಈ ಫಜೀತಿ ಕಡಿಮೆ. ಒಂದು ಲೆಕ್ಕದಲ್ಲಿ ಈ ಗುಳಿಗಿ ಕಾವಲುಗಾರನಿದ್ದಂತೆ, ಕದ್ದು ತಿಂದರೆ ಊರಿಗೆಲ್ಲ ಹೇಳುತ್ತದೆ.

ಇದರ ಫಲ ದೊಡ್ಡದಲ್ಲ. ಸ್ವೀಡನ್‌ನಲ್ಲಿ 3,305 ಮಂದಿಯ ಮೇಲೆ ನಾಲ್ಕು ವರ್ಷ ನಡೆದ ಅಧ್ಯಯನದ ಕೊನೆಗೆ ಆರ್ಲಿಸ್ಟಾಟ್ ತಗೊಂಡವರು 5.8 ಕಿಲೋ, ಔಷಧವಿಲ್ಲದ ಖಾಲಿ ಗುಳಿಗಿ ತಗೊಂಡವರು 3 ಕಿಲೋ ಇಳಿದಿದ್ದರು. ಹೆಚ್ಚಾಗಿ ಸಿಕ್ಕಿದ್ದು ಮೂರು ಕಿಲೋದೊಳಗೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಜಿಡ್ಡಿನ ಜೊತೆ ಹೊರಟು ಹೋಗುವುದರಿಂದ ಮಲಗುವ ಹೊತ್ತಿಗೆ ಮಲ್ಟಿವಿಟಮಿನ್ ತಗೋಬೇಕು. ಥೈರಾಯ್ಡ್ ಗುಳಿಗಿಗೂ ಇದಕ್ಕೂ ನಾಲ್ಕು ತಾಸು ಅಂತರ ಬೇಕು.

ಎರಡನೆಯದು ಸೆಮಾಗ್ಲುಟೈಡ್ ಗುಳಿಗಿ, ರೈಬೆಲ್ಸಸ್ ಹೆಸರಿನಲ್ಲಿ 2022ರಲ್ಲಿ ನಮ್ಮ ದೇಶಕ್ಕೆ ಬಂತು. 3, 7, 14 ಮಿಲಿಗ್ರಾಂ. ಇದು ಒಪ್ಪಿಗೆ ಪಡೆದದ್ದು ಟೈಪ್ 2 ಸಕ್ಕರೆ ಕಾಯಿಲೆಗೆ. ತೂಕ ಇಳಿಯುವುದು ಜೊತೆಗೆ ಬಂದ ಲಾಭ, 14 ಮಿಲಿಗ್ರಾಂನಲ್ಲಿ ಸರಾಸರಿ ನಾಲ್ಕು ಕಿಲೋ ಆಸುಪಾಸು. ಬರೀ ತೂಕಕ್ಕಾಗಿ ಮಾಡಿದ 25 ಮಿಲಿಗ್ರಾಂ ಗುಳಿಗಿಗೆ ಅಮೆರಿಕದಲ್ಲಿ 2025ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ರೈಬೆಲ್ಸಸ್‌ನ 14 ಅನ್ನು ಅದಕ್ಕೆ ಸಮ ಅಂದುಕೊಳ್ಳಬೇಡಿ.

ಮೆಟ್‌ಫಾರ್ಮಿನ್ ತಗೊಂಡರೆ ಸಣ್ಣ ಆಗ್ತಾರಂತಲ್ಲ ಅನ್ನುವವರಿಗೆ ಉತ್ತರ: ಎರಡು ಕಿಲೋ ಇಳಿದರೆ ಹೆಚ್ಚು.

ಗುಳಿಗಿ ನುಂಗೂದು ಸಲೀಸಲ್ರಿ, ಸೂಜಿ ಯಾಕ ಚುಚ್ಕೋಬೇಕು?

ಸೆಮಾಗ್ಲುಟೈಡ್ ಗುಳಿಗಿಯ ಪೆಟ್ಟಿಗೆಯಲ್ಲಿರುವ ಚೀಟಿ ಓದಿದರೆ ಸಲೀಸು ಅನ್ನುವ ಮಾತು ಬಿಡುತ್ತೀರಿ. ಅದು ಪ್ರೋಟೀನಿನ ಜಾತಿಯ ಅಣು, ಹೊಟ್ಟೆಯ ಆಮ್ಲ ಅದನ್ನು ಊಟದಂತೆಯೇ ಅರಗಿಸಿಬಿಡುತ್ತದೆ. ಹಾಗಾಗಿ ಗುಳಿಗಿಯಲ್ಲಿ ಅದನ್ನು ಕಾಪಾಡುವ ಇನ್ನೊಂದು ರಾಸಾಯನಿಕ ಸೇರಿಸಿದ್ದಾರೆ, ಆದರೂ ರಕ್ತ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅಷ್ಟಾದರೂ ಸೇರಬೇಕಾದರೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, 120 ಮಿಲಿಲೀಟರ್ ಮೀರದ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ತಾಸು ಏನೂ ಬಾಯಿಗೆ ಹಾಕುವಂತಿಲ್ಲ. ಬೇರೆ ಗುಳಿಗಿ ಇಲ್ಲ, ಚಹಾ ಇಲ್ಲ.

ಬಾಗಲಕೋಟೆಯಲ್ಲಿ ಮುಂಜಾನೆ ಎದ್ದು ಅರ್ಧ ತಾಸು ಚಹಾ ಕುಡಿಯದೆ ಇರುವವರನ್ನು ತೋರಿಸಿ! ಮನೆಯಲ್ಲಿ ಒಲೆ ಹತ್ತುವುದೇ ಚಹಾಕ್ಕಾಗಿ. ‘ದಿನಾ ತಗೋತೀನ್ರಿ, ಏನೂ ಆಗವಲ್ದು’ ಅಂದವರಲ್ಲಿ ಇಬ್ಬರನ್ನು ಕೂಡಿಸಿ ಕೇಳಿದೆ. ಒಬ್ಬರು ಚಹಾದ ಜೊತೆಗೇ ನುಂಗುತ್ತಿದ್ದರು. ಇನ್ನೊಬ್ಬರು ‘ಹೊಟ್ಟೆ ಸ್ವಚ್ಛ ಆಗ್ಲಿ’ ಅಂತ ತಂಬಿಗೆ ಬಿಸಿನೀರಿನಲ್ಲಿ. ಇಬ್ಬರೂ ತಿಂಗಳಿಗೆ ಸಾವಿರಾರು ರೂಪಾಯಿಯನ್ನು ಚರಂಡಿಗೆ ಸುರಿದಿದ್ದರು. ಥೈರಾಯ್ಡ್ ಗುಳಿಗಿ ತಗೊಳ್ಳುವವರಿಗೆ ಇನ್ನೊಂದು ತಕರಾರು: ಅದೂ ಖಾಲಿ ಹೊಟ್ಟೆಯದ್ದೇ. ಯಾವುದು ಯಾವಾಗ ಅಂತ ಡಾಕ್ಟರಿಂದ ಬರೆಸಿಕೊಳ್ಳಿ.

ಸೂಜಿಗೆ ಈ ರಗಳೆ ಇಲ್ಲ. ವಾರಕ್ಕೊಮ್ಮೆ, ಯಾವ ಹೊತ್ತಾದರೂ, ಉಂಡು ಅಥವಾ ಉಣ್ಣದೆ.

ಸೂಜಿ ಒಳಗ ಏನ್ ಇರತೈತಿ? ಬೊಜ್ಜು ಕರಗಸ್ತದೇನ್ರಿ?

ನೇರವಾಗಿ ಕರಗಿಸುವುದಿಲ್ಲ. ಉಂಡಾಗ ನಮ್ಮ ಸಣ್ಣ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಅದು ಮೆದುಳಿಗೆ ‘ಸಾಕು’ ಅಂತ ಹೇಳುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಕ್ಕರೆ ಏರಿದಾಗ ಇನ್ಸುಲಿನ್ ಬಿಡಿಸುತ್ತದೆ. ನಮ್ಮ ಸ್ವಂತದ್ದು ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ಸೆಮಾಗ್ಲುಟೈಡ್ ಅದರದೇ ನಕಲು, ಆದರೆ ಅರ್ಧಕ್ಕೆ ಇಳಿಯಲೇ ಒಂದು ವಾರ ಬೇಕು. ಟಿರ್ಜೆಪಟೈಡ್ ಇದರ ಜೊತೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಈ ವಂಶದ ಮೊದಲ ಔಷಧ ಎಕ್ಸೆನಟೈಡ್ ಅಮೆರಿಕದಲ್ಲಿ 2005ರಲ್ಲಿ ಬಂತು. ಅದರ ಮೂಲ ಹಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು. ಇದನ್ನು ಕೌಂಟರಿನಲ್ಲಿ ಹೇಳಿದರೆ ಅರ್ಧ ಮಂದಿ ಅಲ್ಲೇ ಹಿಂದೆ ಸರಿಯುತ್ತಾರೆ. ಈಗಿನವು ಕಾರ್ಖಾನೆಯಲ್ಲಿ ತಯಾರಾದವು, ಹಲ್ಲಿಯ ಸಂಬಂಧ ಏನೂ ಇಲ್ಲ.

ತಗೊಂಡವರು ಹೇಳುವುದು ಹೀಗೆ: ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಕೈ ಹೋಗುವುದಿಲ್ಲ. ಮುಂಚೆ ಕರದಂಟಿನ ಡಬ್ಬಿ ಅಡುಗೆಮನೆಯಲ್ಲಿ ಇದ್ದರೆ ಪಡಸಾಲೆಯಲ್ಲಿ ಕೂತರೂ ಅದೇ ನೆನಪು, ಈಗ ಡಬ್ಬಿ ಇದ್ದದ್ದೇ ಮರೆತುಹೋಗುತ್ತದೆ.

ಎಷ್ಟ ಕಿಲೋ ಇಳೀತದ?

ಸೆಮಾಗ್ಲುಟೈಡ್ ವಾರಕ್ಕೆ 2.4 ಮಿಲಿಗ್ರಾಂ, 68 ವಾರಗಳಲ್ಲಿ ಸರಾಸರಿ 14.9 ಶೇಕಡ ಇಳಿಕೆ, ಖಾಲಿ ಸೂಜಿಯವರಲ್ಲಿ 2.4. ಟಿರ್ಜೆಪಟೈಡ್ 72 ವಾರಗಳಲ್ಲಿ 5 ಮಿಲಿಗ್ರಾಂಗೆ 15 ಶೇಕಡ, 15 ಮಿಲಿಗ್ರಾಂಗೆ 20.9. ಎರಡನ್ನೂ ನೇರ ಎದುರುಬದುರು ಇಟ್ಟು ನೋಡಿದ 2025ರ ಅಧ್ಯಯನದಲ್ಲಿ ಟಿರ್ಜೆಪಟೈಡ್ 20.2, ಸೆಮಾಗ್ಲುಟೈಡ್ 13.7. ಅಂದರೆ 90 ಕಿಲೋದವರು ಹನ್ನೆರಡರಿಂದ ಹದಿನೆಂಟು ಕಿಲೋ ಇಳಿಯಬಹುದು, ಒಂದೂವರೆ ವರ್ಷದಲ್ಲಿ. ಒಂದೂವರೆ ತಿಂಗಳಲ್ಲಿ ಅಲ್ಲ.

ಶುಗರ್ ಇರುವವರಿಗೆ ಇಳಿಕೆ ಕಡಿಮೆ. ಸೆಮಾಗ್ಲುಟೈಡ್‌ನಲ್ಲಿ ಅವರ ಸರಾಸರಿ 9.6 ಶೇಕಡ. ಮತ್ತೆ ಇವೆಲ್ಲ ಸರಾಸರಿಗಳು. ಏನೂ ಇಳಿಯದವರು ಕೆಲವರು ಇದ್ದೇ ಇರುತ್ತಾರೆ.

ಬಿಟ್ರ ಮತ್ತ ತೂಕ ಬರತೈತೇನ್ರಿ?

ಬರುತ್ತದೆ. ಈ ಪ್ರಶ್ನೆಯನ್ನು ಮಂದಿ ಕೊನೆಗೆ, ಚೀಲ ಕೈಗೆತ್ತಿಕೊಂಡ ಮೇಲೆ ಕೇಳುತ್ತಾರೆ. ಇದನ್ನೇ ಮೊದಲು ಕೇಳಬೇಕಿತ್ತು.

ಸೆಮಾಗ್ಲುಟೈಡ್ ಅಧ್ಯಯನ ಮುಗಿದು ಸೂಜಿ ನಿಲ್ಲಿಸಿದವರನ್ನು ಒಂದು ವರ್ಷದ ನಂತರ ಅಳೆದರು. ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿ ಬಂದಿತ್ತು. ಟಿರ್ಜೆಪಟೈಡ್‌ನದೂ ಅದೇ ಹಾದಿ: 36 ವಾರಗಳಲ್ಲಿ 20.9 ಶೇಕಡ ಇಳಿದವರಿಗೆ ಗೊತ್ತಾಗದಂತೆ ಖಾಲಿ ಸೂಜಿ ಕೊಟ್ಟಾಗ ಮುಂದಿನ ಒಂದು ವರ್ಷದಲ್ಲಿ ತೂಕ 14 ಶೇಕಡ ಏರಿತು. ಬಿಪಿ ಗುಳಿಗಿ ಬಿಟ್ಟರೆ ಬಿಪಿ ಏರುತ್ತದಲ್ಲ, ಹಾಗೆಯೇ. ಔಷಧ ಇರುವಷ್ಟು ದಿನ ದೇಹದ ಹಟ ಸುಮ್ಮನಿರುತ್ತದೆ. ಹೋದ ಮೇಲೆ ಅದು ಅಲ್ಲೇ ಇದೆ.

ಮುಧೋಳದಲ್ಲಿರುವ ನಮ್ಮ ಅಕ್ಕ ಏಳು ತಿಂಗಳು ತಗೊಂಡಳು. 11 ಕಿಲೋ ಇಳಿದಳು. ಮನೆಯ ಮೆಟ್ಟಿಲು ಗೋಡೆ ಹಿಡಿಯದೆ ಏರತೊಡಗಿದಳು, ಸಂಕ್ರಾಂತಿಗೆ ಹದಿನೈದು ವರ್ಷದ ಹಿಂದಿನ ಇಳಕಲ್ ಸೀರೆಯ ಕುಪ್ಪಸ ಹಾಕಿಕೊಂಡು ಫೋಟೋ ಕಳಿಸಿದಳು. ಆಮೇಲೆ ಮಗಳ ಲಗ್ನ ನಿಕ್ಕಿಯಾಯಿತು, ರೊಕ್ಕ ಆ ಕಡೆ ಹೋಯಿತು, ಸೂಜಿ ನಿಂತಿತು. ಆರು ತಿಂಗಳಿಗೆ ಐದು ಕಿಲೋ ವಾಪಸ್. ಅವಳಿಗೆ ಬೇಜಾರಾದದ್ದು ತೂಕಕ್ಕಲ್ಲ. ‘ಹಸಿವಿ ಮತ್ತ ಬಂತಲ್ಲೋ ತಮ್ಮಾ, ಹೋಗೇ ಬಿಟ್ಟಿತ್ತು ಅಂದ್ಕೊಂಡಿದ್ದೆ’ ಅಂದಳು. ಶುರು ಮಾಡುವಾಗ ನಾನೇ ತಂದುಕೊಟ್ಟಿದ್ದೆ. ಬಿಡುವ ದಿನದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಅಂದಿನಿಂದ ಯಾರಿಗೇ ಆಗಲಿ ಮೊದಲು ಹೇಳುವುದು ಅದನ್ನೇ.

ಬಿಡಲೇಬೇಕಾದರೆ ಡಾಕ್ಟರಿಗೆ ಹೇಳಿ ಬಿಡಿ. ನಡಿಗೆ, ಊಟದ ಅಳತೆ ಗಟ್ಟಿಯಾಗಿದ್ದವರಿಗೆ ಮರಳುವುದು ಕಡಿಮೆ. ಪೂರ್ತಿ ನಿಲ್ಲುತ್ತದೆ ಅಂತ ಮಾತು ಕೊಡಲಾರೆ.

ಖರ್ಚು ಎಷ್ಟ್ ಬರತೈತಿ?

ಮೌಂಜಾರೋ (ಟಿರ್ಜೆಪಟೈಡ್) 2025ರ ಮಾರ್ಚಿನಲ್ಲಿ ಬಂದಾಗ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ವಾರಕ್ಕೊಂದು ಸೀಸೆ, ಅಂದರೆ ನಾಲ್ಕು ವಾರಕ್ಕೆ 14,000 ಮತ್ತು 17,500. ವೆಗೋವಿ (ಸೆಮಾಗ್ಲುಟೈಡ್) ಅದೇ ವರ್ಷ ಜೂನಿನಲ್ಲಿ ಬಂತು, ನವೆಂಬರಿನಲ್ಲಿ ಬೆಲೆ ಇಳಿಸಿದರು. ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚಿನಲ್ಲಿ ಮುಗಿಯಿತು, ಬೇರೆ ಕಂಪನಿಗಳಿಗೂ ಬಾಗಿಲು ತೆರೆಯಿತು. ಹಾಗಾಗಿ ಹಳೆಯ ವಿಡಿಯೋದಲ್ಲಿ ಕೇಳಿದ ಬೆಲೆ ನಂಬಬೇಡಿ, ಅಂಗಡಿಯಲ್ಲಿ ಇವತ್ತಿನದು ಕೇಳಿ.

ಶುರುವಿನ ಡೋಸಿನ ಬೆಲೆ ನೋಡಿ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು. ಡೋಸ್ ಏರಿದಂತೆ ಬೆಲೆಯೂ ಏರುತ್ತದೆ. ಕೊನೆಗೆ ನೀವು ಮುಂದುವರಿಸಬೇಕಾಗುವ ಡೋಸಿನ ತಿಂಗಳ ಬೆಲೆಯನ್ನು 24 ತಿಂಗಳಿಗೆ ಗುಣಿಸಿ, ಹಾಳೆಯ ಮೇಲೆ ಬರೆದು, ಮನೆಯವರಿಗೆ ತೋರಿಸಿ. ಕಬ್ಬಿನ ಬಿಲ್ಲು ಬಂದಾಗ ಶುರು ಮಾಡಿ, ಬಿಲ್ಲು ತಡವಾದಾಗ ನಿಲ್ಲಿಸಿ, ಮತ್ತೆ ದೊಡ್ಡ ಡೋಸಿನಿಂದಲೇ ಹಿಡಿದವರು ನಮ್ಮ ಕಡೆ ಇದ್ದಾರೆ. ಅವರ ವಾಂತಿಯ ಕತೆ ಬೇಡ. ಕೆಲವು ವಾರ ತಪ್ಪಿದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಬೇಕು.

ಸೂಜಿ ಅಂದ್ರ ಹೆದರಿಕಿ ರೀ.

ಪೆನ್ನಿನ ಸೂಜಿ ಕೂದಲಿನಷ್ಟು ಸಣ್ಣದು, ನಾಲ್ಕು ಮಿಲಿಮೀಟರ್ ಉದ್ದ. ಹೊಟ್ಟೆ, ತೊಡೆ ಅಥವಾ ತೋಳಿನ ಹಿಂಭಾಗದ ಚರ್ಮದ ಕೆಳಗೆ, ಪ್ರತಿ ವಾರ ಜಾಗ ಬದಲಿಸಿ. ಇರುವೆ ಕಚ್ಚಿದ್ದಕ್ಕಿಂತ ಕಡಿಮೆ.

ನನಗೆ ಹೆದರಿಕೆ ಆಗುವುದು ಸೀಸೆ ಒಯ್ಯುವವರ ಬಗ್ಗೆ. ಸೀಸೆಯಲ್ಲಿ ಒಂದು ಡೋಸ್, 0.5 ಮಿಲಿಲೀಟರ್. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಗೆ: ಕೆಂಪು ಮುಚ್ಚಳದ 40ರದ್ದು, ಕಿತ್ತಳೆ ಮುಚ್ಚಳದ 100ರದ್ದು. ಅರ್ಧ ಮಿಲಿ ಅಂದರೆ 100ರದ್ದರಲ್ಲಿ 50 ಎಂದು ಬರೆದ ಗೆರೆ, 40ರದ್ದರಲ್ಲಿ 20 ಎಂದು ಬರೆದ ಗೆರೆ. ಅಜ್ಜಿಯ ಇನ್ಸುಲಿನ್ ಡಬ್ಬಿಯಿಂದ ಯಾವುದೋ ಸಿರಿಂಜ್ ಎತ್ತಿಕೊಂಡರೆ ಲೆಕ್ಕ ತಪ್ಪುತ್ತದೆ. ಸೀಸೆ ತಗೊಳ್ಳುವಾಗಲೇ ಸಿರಿಂಜ್ ಸಹ ತಗೊಂಡು, ಗೆರೆಯನ್ನು ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ನಾನು ಹಾಕಿಕೊಡುತ್ತೇನೆ.

ತ್ರಾಸ್ ಏನೇನ್ ಆಗ್ತಾವು?

ಹೊಟ್ಟೆ ತೊಳಸುವುದು, ವಾಂತಿ, ಬೇಧಿ, ಇಲ್ಲವೇ ಮೂರು ದಿನ ಹೊಟ್ಟೆ ಕಟ್ಟುವುದು. ಹೆಚ್ಚಾಗಿ ಡೋಸ್ ಏರಿಸಿದ ವಾರದಲ್ಲಿ. ಅದಕ್ಕಾಗಿಯೇ ಸೆಮಾಗ್ಲುಟೈಡ್ 0.25ರಿಂದ, ಟಿರ್ಜೆಪಟೈಡ್ 2.5ರಿಂದ ಶುರುವಾಗಿ ಕನಿಷ್ಠ ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಏರುತ್ತದೆ. ‘ಲಗೂನ ಇಳೀಬೇಕು’ ಅಂತ ಮೆಟ್ಟಿಲು ಹಾರಿದವರು ಸಲೈನ್ ಹಚ್ಚಿಕೊಂಡು ಮಲಗಿದ್ದಾರೆ.

ಜಿಡ್ಡಿನ ಊಟ ಇದಕ್ಕೆ ಎಣ್ಣೆ ಸುರಿದಂತೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಕಡಬು, ಭರ್ತ, ಸಜ್ಜಿ ರೊಟ್ಟಿ ಹೊಟ್ಟೆತುಂಬ ಉಂಡರೆ ಬದುವಿನ ಮೇಲೇ ಗೊತ್ತಾಗುತ್ತದೆ. ಹೊಟ್ಟೆ ನಿಧಾನ ಖಾಲಿಯಾಗುತ್ತಿದೆ ಎಂಬುದು ನೆನಪಿರಲಿ. ತಾಟಿನಲ್ಲಿ ಎಲ್ಲ ಒಂದೊಂದು ತುತ್ತು ಸಾಕು. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟಿದಾಗ ವಾಂತಿ-ಬೇಧಿ ಆದರೆ ಕಿಡ್ನಿಗೆ ಪೆಟ್ಟು. ಬಾಯಾರಿಕೆಯೂ ಕಡಿಮೆಯಾಗಿರುತ್ತದೆ, ಹಾಗಾಗಿ ಮಜ್ಜಿಗೆ, ನೀರು ನೆನಪಿಟ್ಟು ಕುಡಿಯಬೇಕು.

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೆ ಹಾಯ್ದರೆ ಮುಂಜಾನೆ ತನಕ ಕಾಯಬೇಡಿ. ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು, ಪಿತ್ತದ ಕಲ್ಲೂ ಇರಬಹುದು. ರಾತ್ರಿಯೇ ದವಾಖಾನೆಗೆ ಹೋಗಿ, ಸೂಜಿಯ ಹೆಸರು ಹೇಳಿ.

ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ತಗೊಂಡರೆ ಶುಗರ್ ತೀರಾ ಇಳಿಯಬಹುದು. ಶ್ರಾವಣ ಸೋಮವಾರದ ಉಪವಾಸ ಮಾಡುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಯಾರ್ ತಗೋಬಾರ್ದು?

ಬಸುರಿಯರು, ಎದೆಹಾಲು ಕೊಡುವವರು. ಮಗು ಬೇಕೆಂದಿರುವವರು ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಪಿಸಿಓಡಿ ಇರುವ ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಿ: ತೂಕ ಇಳಿದಂತೆ ನಿಂತ ಮುಟ್ಟು ಮರಳಬಹುದು, ಬಸಿರೂ ಆಗಬಹುದು. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗಿಯ ಬಲವನ್ನು ತಗ್ಗಿಸುತ್ತದೆ, ಶುರು ಮಾಡಿದ ಮೇಲೂ ಪ್ರತಿ ಸಲ ಡೋಸ್ ಏರಿಸಿದ ಮೇಲೂ ನಾಲ್ಕು ವಾರ ಕಾಂಡೋಮ್ ಬೇಕು. ಈ ಮಾತನ್ನು ಅತ್ತೆಯ ಎದುರು ಹೇಳಲಾಗದೆ ನಾನು ಚೀಟಿಯ ಹಿಂದೆ ಬರೆದು ಕೊಟ್ಟದ್ದುಂಟು.

ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರಿಗೆ ಈ ಸೂಜಿ ಕೊಡುವುದಿಲ್ಲ. ಸಾಮಾನ್ಯ ಥೈರಾಯ್ಡ್ ಸಮಸ್ಯೆ ಬೇರೆ, ಅದಕ್ಕೆ ಅಡ್ಡಿಯಿಲ್ಲ. ಮೇದೋಜೀರಕದ ಉರಿಯೂತ ಆಗಿದ್ದವರು ಮುಚ್ಚಿಡದೆ ಹೇಳಬೇಕು. ಶುಗರಿನಿಂದ ಕಣ್ಣಿಗೆ ತೊಂದರೆ ಇದ್ದವರು ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ತಿಳಿಸಬೇಕು, ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು.

ಫ್ರಿಜ್ ಇಲ್ಲದಿದ್ರ? ಬಸ್ಸಿನ್ಯಾಗ ಹೆಂಗ ಒಯ್ಯೂದು?

2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರಿಜ್ಜಿನ ನಡುವಿನ ಖಾನೆ, ಐಸಿನ ಖಾನೆ ಅಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ. ಕೆಲವು ದಿನ ಹೊರಗಿಡಬಹುದು ಅಂತ ಪೆಟ್ಟಿಗೆಯಲ್ಲಿ ಬರೆದಿರುತ್ತಾರೆ, ಆದರೆ ಅದು 30 ಡಿಗ್ರಿ ಮೀರದ ಮನೆಯ ಮಾತು. ಏಪ್ರಿಲ್‌ನಲ್ಲಿ ನಮ್ಮ ಕಡೆ ಪತ್ರಾಸಿನ ಮನೆಯೊಳಗೆ 30 ಡಿಗ್ರಿ ಎಲ್ಲಿಂದ ತರೋಣ? ಬೆಳಗಾವಿಯಿಂದ ಬಸ್ಸಿನಲ್ಲಿ ತರುವುದಿದ್ದರೆ ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ, ತೊಡೆಯ ಮೇಲೆ. ಡಿಕ್ಕಿಯಲ್ಲಿ ಬೇಡ. ಒಮ್ಮೆ ಕೊರಿಯರಿನಲ್ಲಿ ನನಗೇ ಒಂದು ಪೆಟ್ಟಿಗೆ ಬಂತು. ಒಳಗಿನ ಐಸ್ ಪ್ಯಾಕು ಬೆಚ್ಚಗಿತ್ತು. ವಾಪಸ್ ಕಳಿಸಿದೆ. ನೀವೂ ಮುಟ್ಟಿ ನೋಡಿ ತಗೊಳ್ಳಿ.

ಸೂಜಿ ತಗೊಂಡ್ರ ಏನ್ ಬೇಕಾದ್ರೂ ತಿನ್ನಬಹುದಲ್ರಿ?

ತೊಂದರೆ ಇದಕ್ಕೆ ಉಲ್ಟಾ. ತಿನ್ನುವುದೇ ಬೇಡ ಅನಿಸುತ್ತದೆ, ಎರಡು ಬಿಸ್ಕೀಟು, ಚಹಾದಲ್ಲಿ ದಿನ ಕಳೆಯುತ್ತಾರೆ. ಇಳಿದ ತೂಕದಲ್ಲಿ ಬೊಜ್ಜಿನ ಜೊತೆ ಸ್ನಾಯುವೂ ಹೋಗುತ್ತದೆ. ಕಾಂಟಾ ಖುಷಿ ಕೊಡುತ್ತದೆ, ಏಳುವಾಗ ಮಾತ್ರ ಕೈ ಊರಬೇಕಾಗುತ್ತದೆ. ತಾಟಿನಲ್ಲಿ ಮೊದಲು ಕಾಳಿನ ಪಲ್ಯ: ಮಡಿಕಿ, ಹೆಸರು, ಅಲಸಂದಿ. ಒಣ ಹೆಸರುಕಾಳಿನಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು. ತಿನ್ನುವವರಿಗೆ ಮೊಟ್ಟೆ, ಒಂದಕ್ಕೆ ಆರು ಗ್ರಾಂ. ಝುಣಕಾ ಆಗಬಹುದು, ಎಣ್ಣೆ ಅಳೆದು. ರೊಟ್ಟಿ ಕೊನೆಗೆ. ಜೊತೆಗೆ ವಾರಕ್ಕೆರಡು ಸಲವಾದರೂ ಭಾರ ಎತ್ತುವ ಕೆಲಸ. ಜಿಮ್ಮೇ ಬೇಕೆಂದಿಲ್ಲ, ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಕೂತು ಏಳುವುದರಿಂದ ಶುರು ಮಾಡಿ.

ಆಯುರ್ವೇದ ಪೌಡರ್, ಥೈರಾಯ್ಡ್ ಗುಳಿಗಿ, ನೀರಿನ ಗುಳಿಗಿ?

‘ಹದಿನೈದು ದಿನಕ್ಕ ಹತ್ತು ಕಿಲೋ’ ಅಂತ ಮಾರುವ ಪೌಡರು ನಿಜಕ್ಕೂ ಹಸಿವು ಕೊಂದರೆ ಇನ್ನೂ ಹೆಚ್ಚು ಅನುಮಾನ ಪಡಿ. ಇಂಥ ‘ಗಿಡಮೂಲಿಕೆ’ಗಳಲ್ಲಿ ಕದ್ದು ಬೆರೆಸಿದ ಸಿಬುಟ್ರಾಮಿನ್ ಎಷ್ಟೋ ಸಲ ಪತ್ತೆಯಾಗಿದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆಂದು ಅಮೆರಿಕ, ಯುರೋಪಿನಲ್ಲಿ 2010ರಲ್ಲೇ ಅದನ್ನು ಮಾರುಕಟ್ಟೆಯಿಂದ ತೆಗೆದರು, ನಮ್ಮಲ್ಲೂ ನಿಷೇಧವಿದೆ. ಥೈರಾಯ್ಡ್ ಸರಿಯಿದ್ದವರು ಥೈರಾಯ್ಡ್ ಗುಳಿಗಿ ನುಂಗಿದರೆ ಎದೆಬಡಿತ ಏರುತ್ತದೆ, ಎಲುಬು ಸವೆಯುತ್ತದೆ. ಮೂತ್ರ ಹೆಚ್ಚಿಸುವ ನೀರಿನ ಗುಳಿಗಿಯಿಂದ ಇಳಿಯುವುದು ನೀರು, ಎರಡು ತಂಬಿಗೆ ಕುಡಿದರೆ ವಾಪಸ್.

ಒಂದ್ ವಾರ ಮರತ್ರ?

ಟಿರ್ಜೆಪಟೈಡ್ ಆದರೆ ನಾಲ್ಕು ದಿನದೊಳಗೆ ನೆನಪಾದರೆ ತಗೊಳ್ಳಿ, ದಾಟಿದರೆ ಆ ವಾರ ಬಿಡಿ. ವೆಗೋವಿಯಲ್ಲಿ ಮುಂದಿನ ಸೂಜಿಗೆ ಎರಡು ದಿನಕ್ಕಿಂತ ಹೆಚ್ಚಿದ್ದರೆ ತಗೊಳ್ಳಬಹುದು. ಎರಡು ವಾರದ ಡೋಸ್ ಕೂಡಿಸಿ ಎಂದಿಗೂ ಬೇಡ.

ಅಣ್ಣಾರ, ನೀವ್ ಆಗಿದ್ರ ಯಾವ್ದು ತಗೋತಿದ್ರಿ?

ಬಿಎಂಐ 32, ಜೊತೆಗೆ ಶುಗರ್, ಎರಡು ವರ್ಷದ ಖರ್ಚು ಹಾಳೆಯ ಮೇಲೆ ಹೊಂದಿದರೆ ಸೂಜಿ, ಎರಡು ಮಾತಿಲ್ಲ. ಶುಗರ್ ಇದ್ದು ಸೂಜಿ ಒಲ್ಲದವರಿಗೆ, ಚಹಾ ಅರ್ಧ ತಾಸು ಮುಂದೂಡುವ ಶಿಸ್ತು ಇದ್ದರೆ ಸೆಮಾಗ್ಲುಟೈಡ್ ಗುಳಿಗಿ. ಆರ್ಲಿಸ್ಟಾಟ್ ನಾನಾದರೆ ತಗೊಳ್ಳಲಾರೆ. ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಬಿಡುವುದಿಲ್ಲ, ನನ್ನವೆಲ್ಲ ತಿಳಿ ಬಣ್ಣದ ಪ್ಯಾಂಟುಗಳು. ಖರ್ಚು ಆರು ತಿಂಗಳಿಗಷ್ಟೇ ಹೊಂದುತ್ತದೆ ಅಂದರೆ ಈಗ ಶುರು ಮಾಡುವುದಿಲ್ಲ. ಆ ರೊಕ್ಕದಲ್ಲಿ ಒಬ್ಬ ಡಯಟಿಷಿಯನ್ ಹತ್ತಿರ ಆರು ತಿಂಗಳು ಹೋಗಿ, ಸೂಜಿಯ ಬೆಲೆ ಇನ್ನೂ ಇಳಿಯುತ್ತದೇನೋ ನೋಡುತ್ತೇನೆ. ಬಿಎಂಐ 35 ದಾಟಿದವರು ಆಪರೇಷನ್ ಬಗ್ಗೆಯೂ ಒಮ್ಮೆ ಕೇಳಬೇಕು, ಅದು ಮೂರನೆಯ ದಾರಿ.

ಯಾವುದಕ್ಕೂ ಡಾಕ್ಟರ ಚೀಟಿ ಬೇಕು. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ರಾತ್ರಿ ಎಂಟರ ಮೇಲೆ ಬಂದರೂ.

ಚುಚ್ಕೊಂಡ ಸೂಜಿ ಎಲ್ಲಿ ಒಗೀಲಿ?

ಕಸದ ಗಾಡಿಗೆ ಹಾಗೆಯೇ ಹಾಕಬೇಡಿ, ಕಸ ಆರಿಸುವವರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ, ಖಾಲಿ ಫಿನೈಲ್ ಡಬ್ಬಿ ಆದರೂ ನಡೆದೀತು. ತುಂಬಿದ ಮೇಲೆ ಮುಚ್ಚಳ ಬಿಗಿದು ಅಂಗಡಿಗೆ ತನ್ನಿ. ದವಾಖಾನೆಯ ಕಸದ ಜೊತೆ ಕಳಿಸುತ್ತೇನೆ.